ಉಡಕ್ಕೊಂದು ದಿವಾನಖಾನೆ

ಅರವತ್ತೆರಡು ಡಿಗ್ರಿ. ಎರಡು ಜಾಸ್ತಿಯಾಯಿತು.

ವಗ್ದಿ ತಲೆಯನ್ನೂ ಒಂದು ಕೈಯನ್ನೂ ಗೂಡಿನೊಳಗೆ ತೂರಿಸಿ, ದೀಪದ ಕೆಳಗಿನ ಚಪ್ಪಡಿಗೆ ಉಷ್ಣಮಾಪಕ ಒತ್ತಿ ಹಿಡಿದಿದ್ದ. ದೀಪವನ್ನು ನಾಲ್ಕು ಬೆರಳಷ್ಟು ಮೇಲಕ್ಕೆತ್ತಬೇಕು. ಉಡ ಮೂಲೆಯಿಂದ ನೋಡುತ್ತಿತ್ತು, ರಿಪೇರಿಗೆ ಬಂದವನನ್ನು ಮನೆಯ ಯಜಮಾನ ನೋಡುವ ಹಾಗೆ.

ಫೋನು ಬಡಿದುಕೊಂಡಿತು. ಮಿರ್ವತ್. ಐದು ವರ್ಷದ ಹಿಂದೆ ಅವನ ಬೆರಳಿಗೆ ನಿಶ್ಚಿತಾರ್ಥದ ಉಂಗುರ ತೊಡಿಸಿದವಳು.

"ತೆಗೆಸಿದ್ಯಾ?"

"ಏನನ್ನ?"

"ವಗ್ದಿ."

"ತೆಗೀತಾ ಇದ್ದೀನಿ."

"ಅಪ್ಪ ಪೆಟ್ರೋಲ್ ಹಾಕಿಸ್ತಾ ಇದಾರೆ, ಅದಕ್ಕೇ ಮಾತಾಡ್ತಿದ್ದೀನಿ. ಹತ್ತು ನಿಮಿಷ, ನಿಮ್ಮನೇಲಿರ್ತೀವಿ."

ತೆಗೆಯುವುದಕ್ಕೆ ಅದೇನು ರಟ್ಟಿನ ಪೆಟ್ಟಿಗೆಯೇ? ಮೂರು ಮೀಟರ್ ಉದ್ದ, ಒಂದೂವರೆ ಅಗಲ. ಮಂಡಿಯುದ್ದಕ್ಕೆ ಇಟ್ಟಿಗೆ ಗೋಡೆ, ಅದರ ಮೇಲೆ ಗಾಜು. ಗಾಜು ಕೆಳಗಿದ್ದರೆ ಪ್ರಾಣಿ ಮೂತಿ ತಿಕ್ಕಿ ತಿಕ್ಕಿ ಹುಣ್ಣು ಮಾಡಿಕೊಳ್ಳುತ್ತದೆ. ಒಳಗೆ ಮೊಣಕೈ ಆಳ ಮಣ್ಣು. ಬರೀ ಮರಳಾದರೆ ಬಿಲ ಕುಸಿಯುತ್ತದೆ, ಬರೀ ಜೇಡಿಯಾದರೆ ಕಲ್ಲಾಗುತ್ತದೆ. ಮೂರಕ್ಕೆ ಒಂದರಂತೆ ಬೆರೆಸಿ, ಜರಡಿ ಹಿಡಿದು, ನೀರು ಚಿಮುಕಿಸಿ, ತುಳಿದು ಹದ ಮಾಡಿದ್ದ. ಒಂದು ತುದಿಯಲ್ಲಿ ಸುಡುವ ಕಲ್ಲು, ಇನ್ನೊಂದು ತುದಿಯಲ್ಲಿ ನೆರಳು. ನಡುವೆ ಎಲ್ಲಿರಬೇಕೆನ್ನುವುದು ಉಡದ ಇಷ್ಟ.

ಒಂಬತ್ತು ವರ್ಷದಿಂದ ಕಂಪನಿಯೊಂದರಲ್ಲಿ ಅವನು ಇಪ್ಪತ್ತು ಮಹಡಿ ಕಟ್ಟಡಗಳ ಮೆಟ್ಟಿಲಿನ ನಕ್ಷೆ ಬರೆಯುತ್ತಿದ್ದ. ಬರೀ ಮೆಟ್ಟಿಲು. ಮನೆಯೊಳಗೆ ಯಾರಿಗೆ ಬಿಸಿಲು ಬರುತ್ತದೆ, ಯಾರಿಗೆ ಬರುವುದಿಲ್ಲ ಎನ್ನುವುದು ಪಕ್ಕದ ಮೇಜಿನವನ ಕೆಲಸ. ಹೆಲ್ವಾನ್ ಪಟ್ಟಣದ ಈ ಮೂರನೇ ಮಹಡಿಯ ದಿವಾನಖಾನೆಯಲ್ಲಿರುವ ಗೂಡೊಂದೇ ಅವನು ಬುಡದಿಂದ ತುದಿಯವರೆಗೆ ಯೋಚಿಸಿ ಕಟ್ಟಿದ್ದು. ಪೀಠೋಪಕರಣಕ್ಕೆ ಹೆಸರಾದ ದುಮ್ಯಾತಿಗೆ ಹೋಗಿ ಚಿನ್ನದ ಲೇಪದ ಸೋಫಾಸೆಟ್ಟು ಆರಿಸಿ ತರಬೇಕಾಗಿದ್ದ ವಾರ ಅವನು ಮಣ್ಣು ಜರಡಿ ಹಿಡಿದ. ದಿವಾನಖಾನೆಗೆ ಸೋಫಾ ಬಾರದೆ ಮದುವೆಯ ದಿನ ಗೊತ್ತುಮಾಡುವುದಿಲ್ಲವೆಂದು ಮಿರ್ವತಳ ಅಪ್ಪ ಹಟ ಹಿಡಿದಿದ್ದರು. ಒಂದು ವರ್ಷದಿಂದ ವಗ್ದಿ "ಬರ್ತಾ ಇದೆ ಮಾವ" ಎನ್ನುತ್ತಿದ್ದ. ಇವತ್ತು ಶುಕ್ರವಾರದ ನಮಾಜು ಮುಗಿಸಿ ಅವರೇ ನೋಡಲು ಹೊರಟಿದ್ದರು. ಸೋಫಾ ಇಲ್ಲದಿದ್ದರೆ ಉಂಗುರ ವಾಪಸ್.

ಕೆಳಗೆ ಕಾರಿನ ಬಾಗಿಲು ಬಡಿದ ಸದ್ದಾಯಿತು.

ವಗ್ದಿ ಗೂಡಿನಿಂದ ತಲೆ ಹೊರಗೆಳೆದುಕೊಂಡ. ದೀಪ ಆರಿಸಿದ. ಗೋಡೆಗೆ ಬಣ್ಣ ಬಳಿಯುವಾಗ ತಂದಿದ್ದ ದೊಡ್ಡ ಬಿಳಿ ಬಟ್ಟೆಯನ್ನು ಎಳೆದು ತಂದು ಗೂಡಿನ ಮೇಲೆ ಹೊದಿಸಿದ. ನೆಲ ಮುಟ್ಟುವಂತೆ ಜಗ್ಗಿದ. ಏನಿದು ಎಂದು ಕೇಳಿದರೆ ಏನು ಹೇಳುವುದು? ನಿಜವನ್ನೇ ಹೇಳಿಬಿಡುವುದು. ಬಟ್ಟೆ ಸರಿಸಿ, ನೋಡಿ ಮಾವ, ನಾನೇ ಕಟ್ಟಿದ್ದು ಎನ್ನುವುದು. ಆ ಯೋಚನೆಗೇ ಅವನಿಗೆ ಒಂದು ಕ್ಷಣ ಖುಷಿಯಾಯಿತು.

ಮಿರ್ವತಳ ಅಪ್ಪ ಉಸ್ತಾದ್ ಬಯ್ಯೂಮಿ ಏದುಸಿರು ಬಿಡುತ್ತಾ ಒಳಗೆ ಬಂದರು. ಸರ್ಕಾರಿ ಉಗ್ರಾಣವನ್ನು ಮೂವತ್ತೆರಡು ವರ್ಷ ಕಾದು ನಿವೃತ್ತರಾದವರು. ಹಿಂದೆ ಮಿರ್ವತ್.

"ಏನಪ್ಪಾ ಎಂಜಿನಿಯರ್ ಸಾಹೇಬ, ಲಿಫ್ಟು?"

"ಕೆಟ್ಟಿದೆ ಮಾವ."

"ಹೋದ ಸಲಾನೂ ಕೆಟ್ಟಿತ್ತು."

"ಅದೇ ಕೆಟ್ಟಿರೋದು."

ಅವರು ನೆಟ್ಟಗೆ ದಿವಾನಖಾನೆಯ ಬಾಗಿಲಿಗೆ ಹೋಗಿ ನಿಂತರು. ಬಿಳಿ ಹೊದಿಕೆಯನ್ನು ನೋಡಿದರು. ಮಿರ್ವತ್ ಕಣ್ಣು ಮುಚ್ಚಿಕೊಂಡಳು.

"ಮಾಶಾ ಅಲ್ಲಾ!" ಎಂದರು ಬಯ್ಯೂಮಿ. "ಬಂದುಬಿಟ್ಟಿದೆ! ಹೇಳಲೇ ಇಲ್ವಲ್ಲೋ ಕಳ್ಳ!"

ವಗ್ದಿ ಬಾಯಿ ತೆರೆದ.

"ಸೋಫಾ, ಕುರ್ಚಿ ಎಲ್ಲ ಒತ್ತಿ ಜೋಡಿಸಿ ಒಂದೇ ಹೊದಿಕೆ ಹಾಕಿದ್ದಾನೆ. ನೋಡು ಮಿರ್ವತ್, ಹೀಗೆ ಹಾಕ್ಬೇಕು. ಯಾವ ರಾಜನ ನಮೂನೆ? ಲೂಯಿ ಹದಿನೈದೋ, ಹದಿನಾರೋ?"

"ಹದಿನಾರು," ಎಂದ ವಗ್ದಿ. ಯಾಕೆ ಹಾಗೆಂದನೋ ಅವನಿಗೇ ತಿಳಿಯಲಿಲ್ಲ.

"ಹದಿನಾರೇ ಒಳ್ಳೇದು. ಕಾಲು ನೆಟ್ಟಗಿರ್ತವೆ."

ಹೊದಿಕೆಯಡಿಯಲ್ಲಿ ಏನೋ ಸರಿದಾಡಿತು.

"ಹೊಸ ಮರ," ಎಂದಳು ಮಿರ್ವತ್ ತಕ್ಷಣ. "ಸೆಕೆಗೆ ಬಿರಿಯುತ್ತೆ."

"ತೆಗೆದು ತೋರಿಸ್ತೀನಿ ಮಾವ," ಎಂದ ವಗ್ದಿ. ಎಲ್ಲಿಂದಲೋ ಧೈರ್ಯ ಬಂದಿತ್ತು. ಬಟ್ಟೆಯ ಅಂಚಿಗೆ ಕೈ ಹಾಕಿದ.

"ಮುಟ್ಟಬೇಡ!" ಬಯ್ಯೂಮಿ ಚೀರಿದರು. "ಮದುವೆಗೆ ಮುಂಚೆ ಯಾರಾದ್ರೂ ತೆಗೀತಾರೇನೋ? ದೃಷ್ಟಿ ತಾಗುತ್ತೆ. ನನ್ನ ಕಣ್ಣೇ ತಾಗಬಹುದು, ನನ್ನ ಕಣ್ಣು ಒಳ್ಳೇದಲ್ಲ. ನಮ್ಮನೇ ಸೋಫಾ ತಂದು ಇಪ್ಪತ್ತೆಂಟು ವರ್ಷ ಆಯ್ತು. ಹೊದಿಕೆ ತೆಗೆದಿರೋದು ಎರಡೇ ಸಲ."

ಈ ಊರಿನಲ್ಲಿ ಮುಚ್ಚಿಟ್ಟಿದ್ದಕ್ಕೆ ಇರುವ ಮರ್ಯಾದೆ ತೆರೆದಿಟ್ಟಿದ್ದಕ್ಕಿಲ್ಲ. ವಗ್ದಿ ಕೈ ಹಿಂದಕ್ಕೆ ತೆಗೆದುಕೊಂಡ.

ಬಯ್ಯೂಮಿ ಗೋಡೆಯಿಂದ ಗೋಡೆಗೆ ಹೆಜ್ಜೆ ಹಾಕಿ ಅಳೆದರು. ಕಿಟಕಿ ಹಾಕಿದೆಯೇ ನೋಡಿದರು. ಎಲ್ಲರನ್ನೂ ಹೊರಗೆ ಕಳಿಸಿದರು. ಬಾಗಿಲೆಳೆದು, ಅದರಲ್ಲೇ ನೇತಾಡುತ್ತಿದ್ದ ಬೀಗದ ಕೈ ತಿರುಗಿಸಿ, ಅದನ್ನು ಜೇಬಿಗೆ ಹಾಕಿಕೊಂಡರು.

"ಮಾವ, ಅದು..."

"ಬ್ರಹ್ಮಚಾರಿ ಮನೆ ಕಣಪ್ಪ. ಗೆಳೆಯರು ಬರ್ತಾರೆ, ಸಿಗರೇಟು ಸೇದ್ತಾರೆ, ಅದರ ಮೇಲೇ ಬೂದಿ ಕೊಡವ್ತಾರೆ. ಮದುವೆ ದಿನ ಹುಡುಗಿ ಅಮ್ಮನೇ ಬಂದು ತೆಗೀತಾಳೆ. ಗೋಂದು ಇದೆಯಾ?"

ಗೋಂದು ಇತ್ತು. ವಗ್ದಿಯ ಮೇಜಿನಿಂದಲೇ ಒಂದು ಕಾಗದ ಎತ್ತಿ, ಉದ್ದಕ್ಕೆ ಪಟ್ಟಿ ಹರಿದು, ಬಾಗಿಲಿಗೂ ಚೌಕಟ್ಟಿಗೂ ಸೇರಿಸಿ ಅಂಟಿಸಿದರು. ಉಗ್ರಾಣದಲ್ಲಿ ಮೂವತ್ತೆರಡು ವರ್ಷ ಮಾಡಿದ ಹಾಗೆಯೇ, ಪಟ್ಟಿಯ ಮೇಲೆ ಅಡ್ಡಲಾಗಿ ಸಹಿ, ತಾರೀಖು. ಪೆನ್ನನ್ನು ವಗ್ದಿಗೆ ಚಾಚಿದರು.

"ಸಾಕ್ಷಿಗೆ ನೀನೂ ಹಾಕು."

"ಮಾವ, ಒಳಗೆ..."

"ಒಳಗೆ ಏನು?"

ಮಿರ್ವತ್ ಅವನನ್ನೇ ನೋಡುತ್ತಿದ್ದಳು. ಸಿಟ್ಟಿನಿಂದಲ್ಲ. ಸಿಟ್ಟಾಗಿದ್ದರೆ ಹೇಗೋ ಹೇಳಿಬಿಡುತ್ತಿದ್ದ. ಸುಸ್ತಾದವಳ ನೋಟ ಅದು.

"ಒಳಗೆ ಕಿಟಕಿ ಹಾಕಿದ್ನೋ ಇಲ್ವೋ ಅಂತ."

"ಹಾಕಿದೆ. ನಾನೇ ನೋಡಿದ್ನಲ್ಲ."

ವಗ್ದಿ ಸಹಿ ಹಾಕಿದ. ಚೆನ್ನಾಗಿಯೇ ಬಂತು.

"ಈದ್ ಆದ ಮುಂದಿನ ವಾರ ಮದುವೆ," ಎಂದು ಬಯ್ಯೂಮಿ ಅವನನ್ನು ಬಾಚಿ ತಬ್ಬಿಕೊಂಡು ಎರಡೂ ಕೆನ್ನೆಗೆ ಮುತ್ತಿಟ್ಟರು. ಅವರ ಕಣ್ಣಲ್ಲಿ ನೀರಿತ್ತು. "ನಿನ್ನ ಮೇಲೆ ನಂಬಿಕೆ ಇರಲಿಲ್ಲ ಕಣೋ ಮಗಾ. ತಪ್ಪು ತಿಳ್ಕೊಂಡಿದ್ದೆ. ಬನ್ನಿ, ಮನೇಲಿ ನಮ್ಮವಳು ಬಾತುಕೋಳಿ ಹುರಿದಿದ್ದಾಳೆ. ನಾನು ಕಾರು ತಿರುಗಿಸಿರ್ತೀನಿ." ಮೆಟ್ಟಿಲು ಇಳಿದರು.

ಇಬ್ಬರೂ ಬಾಗಿಲ ಮುಂದೆ ನಿಂತರು.

"ಈದ್‌ಗೆ ಎಷ್ಟು ದಿನ?" ಎಂದ ವಗ್ದಿ.

"ನಲವತ್ತು."

"ದೀಪ ಆರಿಸಿದ್ದೀನಿ. ನೀರು ಎರಡು ದಿನಕ್ಕಾಗುವಷ್ಟಿದೆ."

"ಚಳಿಗಾಲದಲ್ಲಿ ತಿಂಗಳುಗಟ್ಟಲೆ ಮಲಗುತ್ತೆ ಅಂದಿದ್ದೆ ನೀನೇ."

"ಇದು ಬೇಸಿಗೆ."

ಮಿರ್ವತ್ ಪಟ್ಟಿಯ ಮೇಲಿನ ಎರಡು ಸಹಿಗಳನ್ನು ನೋಡಿದಳು. "ಹರೀಬೇಕು ಅನ್ಸಿದ್ರೆ ಈಗ್ಲೇ ಹರಿ. ನಾನು ಕೆಳಗೆ ಹೋಗಿ ಅಪ್ಪಂಗೆ ಹೇಳ್ತೀನಿ. ನಂಗೆ ಮೂವತ್ಮೂರು ವಗ್ದಿ. ನಾಳೆ ಹರೀಬೇಡ. ನಾಡಿದ್ದು ಹರೀಬೇಡ."

"ಒಂದ್ಸಲ ನೀನು ಅದನ್ನ ನೋಡಿದ್ದಿದ್ರೆ. ಮಣ್ಣಿನ ಹದ..."

"ಕೆಳಗಿರ್ತೀನಿ," ಎಂದಳು. ಅವಳ ಚಪ್ಪಲಿ ಸದ್ದು ಒಂದೊಂದೇ ಮೆಟ್ಟಿಲು ಇಳಿಯಿತು.

ವಗ್ದಿ ಪಟ್ಟಿಯ ತುದಿಗೆ ಉಗುರು ಹಾಕಿದ. ಗೋಂದು ಇನ್ನೂ ಹಸಿ. ನಾಜೂಕಾಗಿ ಎಬ್ಬಿಸಿ ಮತ್ತೆ ಅಂಟಿಸಬಹುದೇನೋ. ಆದರೆ ಸಹಿಯ ಶಾಯಿ ಹರಡುತ್ತದೆ. ಬೀಗದ ಕೈಯೂ ಇಲ್ಲ. ಕೈ ಬಿಟ್ಟ.

ಬಾಗಿಲ ಬುಡದಲ್ಲಿ ಪರಚುವ ಸದ್ದು ಕೇಳಿಸಿತು. ಅವಸರದಲ್ಲಿ ಗೂಡಿನ ಚಿಲಕ ಹಾಕಿರಲಿಲ್ಲ. ಪರಚಾಟ ಮೇಲಕ್ಕೇರಿತು. ಹಿಂಗಾಲ ಮೇಲೆ ಎದ್ದು ನಿಂತಿರಬೇಕು. ಅವನ ಸೊಂಟದೆತ್ತರಕ್ಕೆ ಬಂತು.

ಕೆಳಗಿನಿಂದ ಕಾರಿನ ಹಾರನ್ನು ಕೇಳಿಸಿತು. ಖುಷಿಯ ಹಾರನ್ನು, ಮದುವೆ ದಿಬ್ಬಣದಲ್ಲಿ ಹೊಡೆಯುವಂಥದ್ದು.

ವಗ್ದಿ ಮಂಡಿಯೂರಿದ. ಪಟ್ಟಿಗೆ ತಾಗದಂತೆ ಎಚ್ಚರ ವಹಿಸಿ, ಬಾಗಿಲ ಈಚೆಯಿಂದ ಉಗುರಿನಲ್ಲಿ ಮೆಲ್ಲಗೆ ಕೆರೆದ.

ಒಳಗಿನ ಸದ್ದು ನಿಂತಿತು. ಉಡ ಆಚೆಯಿಂದ ಆಲಿಸುತ್ತಿತ್ತು, ಬಾಗಿಲ ಈಚೆಗೂ ಯಾರನ್ನೋ ಕೂಡಿಹಾಕಿದ್ದಾರೆ ಎಂದು ಈಗ ತಿಳಿದ ಹಾಗೆ.

ಅವನು ಮತ್ತೆ ಕೆರೆದ.