ಬರೆಯಲಾಗಲಿಲ್ಲ: ಎಲ್ಲ ಸರಿ ಇದೆ

ಕಂಪ್ಯೂಟರಿಗೂ ತಲೆ ಕೆಡ್ತದೆ ಅಂತ ಪರಿಮಳಾಗೆ ಆವತ್ತು ಖಾತ್ರಿಯಾಯಿತು. ಪರದೆ ಮೇಲೆ ಮತ್ತದೇ ಸಾಲು: ‘ಬರೆಯಲಾಗಲಿಲ್ಲ: ಎಲ್ಲ ಸರಿ ಇದೆ.’ ಎಲ್ಲ ಸರಿ ಇದ್ದರೆ ಬರೆಯಲು ಏನು ಧಾಡಿ?

2003ರ ಬೇಸಿಗೆ. ಸಿರ್ಸಿಯಲ್ಲಿ ದರ್ಜಿ ಅಂಗಡಿಯ ಮೇಲಿನ ಒಂದು ಕೋಣೆ, ಅದೇ ಅಣ್ಣ-ತಂಗಿಯ ಕಂಪನಿ. ಹುಬ್ಬಳ್ಳಿಯ ಸ್ಕ್ಯಾನಿಂಗ್ ಸೆಂಟರಿಗೆ ಎಕ್ಸ್‌ರೇ ಚಿತ್ರ ಕೂಡಿಡುವ ಕಂಪ್ಯೂಟರ್ ಪೆಟ್ಟಿಗೆ ಮಾಡಿಕೊಡಬೇಕಿತ್ತು. ಡಿಸ್ಕಿನಲ್ಲಿ ಫೈಲು ಇಡುವ, ತೆಗೆಯುವ ವ್ಯವಸ್ಥೆಯನ್ನು ಅಣ್ಣ ರಘುಪತಿ ವರ್ಷಗಟ್ಟಲೆ ಕೂತು ಬರೆದಿದ್ದ. ಅದನ್ನು ಗೋಳುಹೊಯ್ದುಕೊಂಡು ಪರೀಕ್ಷಿಸುವ ಪ್ರೋಗ್ರಾಮು ತಂಗಿ ಪರಿಮಳಾಳದು. ಒಂದೇ ಸಮನೆ ಸಾವಿರಾರು ಫೈಲು ಬರೆ, ಅಳಿಸು, ಮತ್ತೆ ಬರೆ, ಎಲ್ಲಿ ಸೋಲುತ್ತದೆ ನೋಡು. ಸೋತಿತ್ತು. ಯಾಕೆ ಅಂತ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಪರೀಕ್ಷೆ ದಾಟದಿದ್ದರೆ ಕೆಲಸ ಬೇರೆಯವರಿಗೆ ಅಂತ ಸೆಂಟರಿನ ಸಂಗಯ್ಯ ಖಡಕ್ಕಾಗಿ ಹೇಳಿದ್ದ. ಈ ಕೆಲಸ ಹೋದರೆ ಕೋಣೆಗೆ ಬೀಗವೇ ಸೈ.

ರಘುಪತಿ ತಾನು ಬರೆದದ್ದನ್ನೇ ಓದಿ ಓದಿ ಸೋತು ಸುಣ್ಣವಾಗಿದ್ದ. ಬೆಳಿಗ್ಗೆ “ತಪ್ಪು ನಂದೇ ಕೂಸೆ, ಎಲ್ಲಿ ಹೇಳಿ ತಿಳೀತಿಲ್ಲೆ” ಅಂದವನು ಚಪ್ಪಲಿ ಮೆಟ್ಟಿ ಹೊರಟುಹೋಗಿದ್ದ. ಆ ಮುಖ ನೆನೆದರೆ ಅವಳಿಗೆ ಅಳುವೇ ಬರುತ್ತಿತ್ತು.

ಪರೀಕ್ಷೆ ಮಾಡುವವಳ ಮೇಲೆ ಯಾರಿಗೆ ಅನುಮಾನ ಬರ್ತದೆ ಹೇಳಿ? ಅವಳಿಗೂ ಬಂದಿರಲಿಲ್ಲ. ಬೇರೆ ದಾರಿ ಕಾಣದೆ ತನ್ನ ಪ್ರೋಗ್ರಾಮನ್ನೇ ತೆರೆದಳು. ಒಂದೊಂದೇ ಸಾಲು ಓದಿದಳು. ಬರೆಯುವುದು ಸೋತ ಕೂಡಲೇ ಅದು ಕಾರಣವನ್ನು ಒಂದು ಕಡೆ ಇಡುತ್ತಿತ್ತು. ಆಮೇಲೆ ಫೈಲು ಮುಚ್ಚಿ, ‘ಮುಚ್ಚಿದ್ದು ಸರಿಯಾಯಿತು’ ಎಂಬುದನ್ನೂ ಅದೇ ಜಾಗದಲ್ಲಿಡುತ್ತಿತ್ತು! ಮೊದಲಿನ ಕಾರಣ ಮಣ್ಣುಪಾಲು, ಪರದೆಗೆ ಬರುತ್ತಿದ್ದದ್ದು ಈ ‘ಸರಿ’ಯೇ. ಅಯ್ಯೋ ನನ್ನ ಕರ್ಮವೇ ಅಂತ ಹಣೆ ಚಚ್ಚಿಕೊಂಡಳು.

ಕಾರಣಕ್ಕೆ ಬೇರೆ ಜಾಗ ಕೊಟ್ಟಳು. ಯಾವ ಫೈಲು, ಡಿಸ್ಕಿನ ಯಾವ ಕಡೆ ಎಂಬುದನ್ನೂ ಹೇಳುವಂತೆ ಮಾಡಿದಳು. ದೇವರೇ, ಕರೆಂಟೊಂದು ಹೋಗದಿರಲಿ ಅಂತ ಕೈಮುಗಿದು ಪ್ರೋಗ್ರಾಮು ಓಡಿಸಿದಳು. ‘ಬರೆಯಲಾಗಲಿಲ್ಲ: ಡಿಸ್ಕಿನ ದೋಷ.’ ಮತ್ತೆ ಓಡಿಸಿದರೂ ಅದೇ, ಡಿಸ್ಕಿನ ಅದೇ ಮೂಲೆ. ಬೇರೆ ಡಿಸ್ಕು ಹಾಕಿ ನೋಡಿದಳು. ಒಂದೇ ಒಂದು ಫೈಲೂ ಸೋಲಲಿಲ್ಲ.

ಅವಳು ಫೋನಿಗೆ ಹಾರಿದಳು. ಸಂಗಯ್ಯ ಪೂರ್ತಿ ಕೇಳಿಸಿಕೊಂಡ.

“ನಿಮ್ಮಣ್ಣಾರ ಮುಂಜಾನೆ ಫೋನ್ ಮಾಡಿ ತಪ್ಪು ನಮ್ದ ಅಂದ್ರಲ್ರಿ. ಬ್ಯಾರೆಯವ್ರಿಗೆ ಮಾತು ಕೊಟ್ಟೇನ್ರಿ ಅಕ್ಕಾರ. ಈಗ ಹಿಂದ ತಗೊಳ್ಳಾಕ ಬರೂದಿಲ್ರಿ.”

“ಒಂದು ದಿನ ಕೊಡಿ ಸಂಗಯ್ಯನವ್ರೆ, ನಿಮ್ಮ ಕಾಲಿಗೆ ಬೀಳ್ತೆ!”

“ಹಂಗನ್ನಬ್ಯಾಡ್ರಿ” ಅಂದು ಅವನು ಫೋನಿಟ್ಟ.

ಮೆಟ್ಟಿಲ ಮೇಲೆ ಅಣ್ಣನ ಹೆಜ್ಜೆ ಸಪ್ಪಳ. ಬಾಗಿಲಲ್ಲೇ ತಡೆದು, ಮುಚ್ಚುಮರೆ ಇಲ್ಲದೆ ಒದರಿದಳು: “ಕೆಲಸ ಹೋತು ಅಣ್ಣಾ. ನನ್ನ ಪ್ರೋಗ್ರಾಮೇ ಸುಳ್ಳು ಹೇಳ್ತಿತ್ತು. ಹಾಳಾಗಿದ್ದು ಡಿಸ್ಕು.”

ಬೈಯಲಿ, ಬೇಕಾದರೆ ಕೆನ್ನೆಗೆ ಬಾರಿಸಲಿ ಅಂತ ಕಾದು ನಿಂತಳು. ರಘುಪತಿ ಬಾಗಿಲು ಹಿಡಿದುಕೊಂಡ.

“ಹಂಗಾರೆ... ನಾ ಬರೆದಿದ್ದು ಸರಿ ಇತ್ತನೇ?”

“ಸರಿ ಇತ್ತು ಅಣ್ಣಾ. ಮೊದಲಿಂದ್ಲೂ ಸರಿ ಇತ್ತು.”

ಅವನು ಅಲ್ಲೇ ಮೆಟ್ಟಿಲ ಮೇಲೆ ಕುಸಿದು, ಕೆಳಗಿನ ದರ್ಜಿ ಮಷಿನು ನಿಲ್ಲಿಸಿ ಮೇಲೆ ನೋಡುವ ಹಾಗೆ ಅತ್ತ. ಕೆಲಸ ಹೋದ ಸುದ್ದಿಯನ್ನು ಅವನಿಗೆ ಮತ್ತೊಮ್ಮೆ ಹೇಳಬೇಕಾಯಿತು.