ಕೆಳಗಿನ ಸುರಂಗಕ್ಕೆ ಸಿಮೆಂಟು

ಶೆಡ್ಡಿನಲ್ಲಿ ಗುಬ್ಬಿ ಒಬ್ಬಳೇ ಕಲ್ಲಿನ ಕೋಲುಗಳನ್ನು ತೊಳೆಯುತ್ತಿದ್ದಳು. ಬೆಟ್ಟದ ಹೊಟ್ಟೆಗೆ ಇಳಿದ ಯಂತ್ರ ಕೊರೆದು ತಂದ, ಮಣಿಕಟ್ಟಿನಷ್ಟು ದಪ್ಪದ ದುಂಡನೆಯ ಕೋಲುಗಳು. ಒಂದೊಂದನ್ನೇ ಎತ್ತಿ, ಬ್ರಷ್ಷಿನಿಂದ ಕೆಸರು ಉಜ್ಜಿ, ಹೊರಳಿಸಿ ಮತ್ತೆ ಉಜ್ಜಿ, ಬಂದ ಸಾಲಿನಲ್ಲೇ ಮರದ ಪೆಟ್ಟಿಗೆಯಲ್ಲಿ ಜೋಡಿಸಬೇಕು. ತೊಟ್ಟಿಯ ನೀರಿಗೆ ಕೈ ಮರಗಟ್ಟಿ ಬೆರಳು ಯಾರದೋ ಅನ್ನಿಸುತ್ತಿತ್ತು. ಹುಟ್ಟಿದಾಗಿಂದ ದನಿ ಸಣ್ಣದೆಂದು ಮನೆಯವರು ಇಟ್ಟ ಅಡ್ಡಹೆಸರು ಕೆಲಸದ ಜಾಗದಲ್ಲೂ ಅವಳ ಬೆನ್ನು ಬಿಟ್ಟಿರಲಿಲ್ಲ.

ಮಧ್ಯಾಹ್ನ ಬಂದ ಪೆಟ್ಟಿಗೆಯಲ್ಲಿ ಕಲ್ಲು ಅರ್ಧಕ್ಕೇ ನಿಂತಿತ್ತು. ಉಳಿದರ್ಧ ಕಪ್ಪು ಕೆಸರು. ಕೆಸರು ತೊಳೆಯುವುದೇ ಅವಳ ಕೆಲಸ, ತೊಳೆದಳು. ಕಪ್ಪು ನೀರು ಚರಂಡಿಗುಂಟ ಹೊರಗೆ ಹರಿಯಿತು. ಕೆಸರಿನಡಿ ಸಿಕ್ಕಿದ್ದು ಕಲ್ಲಲ್ಲ, ಮರ. ದುಂಡಗೆ ಕೊರೆದ, ನೆನೆದು ಕರ್ರಗಾದ ಮರದ ತುಂಡು. ಬ್ರಷ್ಷಿನ ಹಲ್ಲಿಗೆ ಏನೋ ಎಳೆ ಸಿಕ್ಕಿಕೊಂಡಿತ್ತು. ಯಂತ್ರದವರು ಕೈ ಒರೆಸುವ ಬಟ್ಟೆಯ ನೂಲೆಂದು ಕಿತ್ತಳು. ನೂಲಲ್ಲ, ಉಣ್ಣೆ.

ಅವಳ ಕೈ ನಿಂತಿತು. ಚರಂಡಿಯ ಕಡೆ ನೋಡಿದಳು. ನೀರು ಆಗಲೇ ತಿಳಿಯಾಗಿತ್ತು.

"ಏನೇ ಗುಬ್ಬಿ, ಚರಂಡೀಲಿ ಗಂಡು ನೋಡ್ತಿದ್ದೀಯಾ?" ಬಾಗಿಲಲ್ಲಿ ಮೇಸ್ತ್ರಿ. "ಕೈ ಆಡಿಸೇ ಸೋಂಬೇರಿ ಮುಂಡೇದೆ. ಸಾಹೇಬ್ರು ಬರ್ತಿದ್ದಾರೆ. ನಿನಗೆ ಸಂಬಳ ಕೊಡೋದು ಬೊಂಬೆ ಥರ ಕೂರೋಕಲ್ಲ."

ಅವಳು ಮರದ ತುಂಡನ್ನು ಎತ್ತಿ ತೋರಿಸಿದಳು. ಮೇಸ್ತ್ರಿ ಬಾಗಿಲು ಬಿಟ್ಟು ಒಳಗೆ ಬಂದ.

ಹಿಂದೆಯೇ ಕಲ್ಲುಸಾಹೇಬ ಬಂದ. ಕಲ್ಲಿನ ವಿದ್ಯೆ ಓದಿ ಬಂದ ಹುಡುಗ. ಕೋಲುಗಳನ್ನು ಬೆಳಕಿಗೆ ಹಿಡಿದು, ಒಮ್ಮೊಮ್ಮೆ ನಾಲಿಗೆಯಿಂದ ನೆಕ್ಕಿಯೂ ನೋಡುತ್ತಿದ್ದ. ಗಣಿಕೆಲಸದವರ ಸಾಲುಮನೆಯ ಹೆಂಗಸರು "ಉಪ್ಪು ಸಾಕಾ ಸಾಹೇಬ್ರೇ" ಎಂದು ಅವನ ಬೆನ್ನ ಹಿಂದೆ ಬಿದ್ದು ಬಿದ್ದು ನಗುತ್ತಿದ್ದರು. ಈ ತುಂಡನ್ನು ಅವನು ನೆಕ್ಕಲಿಲ್ಲ. ಮುಟ್ಟಲೂ ಇಲ್ಲ.

"ಯಂತ್ರದ ಮೊನೆ ಹಳೇ ಪೊಳ್ಳಿಗೆ ಬಿದ್ದಿದೆ. ಕೊರೆಯೋಕೆ ಬಿಡೋ ನೀರೆಲ್ಲ ಅದರೊಳಗೇ ಸೋರಿಹೋಗ್ತಿದೆ. ನಾಳೆ ಬೆಳಗ್ಗೆ ಸಿಮೆಂಟು ತುಂಬಿಸಿಬಿಡಿ. ಗಟ್ಟಿಯಾದ ಮೇಲೆ ಅದನ್ನೇ ಕೊರೆದು ಕೆಳಗೆ ಹೋಗೋಣ. ಬೆಳ್ಳಿ ಇರೋದು ಅದರ ಕೆಳಗೆ."

"ಕೆಳಗಿನ ಸುರಂಗಾನಾ ಸಾಹೇಬ್ರೇ?" ಮೇಸ್ತ್ರಿಯ ದನಿ ಇಳಿದಿತ್ತು.

"ನನ್ನನ್ನ ಕೇಳ್ತೀರಲ್ಲ, ಈ ಊರಿನವರು ನೀವು." ಸಾಹೇಬ ಗಡಿಯಾರ ನೋಡಿದ. "ಆ ಮರ ಬಿಸಾಕಿ."

ಕೆಳಗಿನ ಸುರಂಗ ಅಂದರೆ ಸಾಲುಮನೆಗಳಲ್ಲಿ ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಳೆಯ ಕಂಪನಿಯ ಕಾಲದಲ್ಲಿ ಅದರ ಮೇಲುಭಾಗ ಕುಸಿದು ಐದು ಜನ ಒಳಗೇ ಉಳಿದರು. ಅದರಲ್ಲೊಬ್ಬ ಗುಬ್ಬಿಯ ಅಪ್ಪ, ಸುರಂಗಕ್ಕೆ ಮರದ ಆಸರೆ ಕೊಡುವ ಕೆಲಸದವನು. ಒಳಗೆ ವಿಷಗಾಳಿ ಇದೆ, ಹುಡುಕಹೋದವರೂ ಸಾಯುತ್ತಾರೆ, ಅಲ್ಲಿಗೆ ಮುಟ್ಟುವ ಯಂತ್ರ ಲೋಕದಲ್ಲೇ ಇಲ್ಲ ಎಂದು ಕಂಪನಿಯವರು ಕೈ ತೊಳೆದುಕೊಂಡರು. ಸುರಂಗದ ಬಾಯಿಗೆ ಗೋಡೆ ಎಬ್ಬಿಸಿದರು. ಆಗ ಗಾರೆಕೆಲಸ ಮಾಡುತ್ತಿದ್ದ ಈ ಮೇಸ್ತ್ರಿಯೇ ಇಟ್ಟಿಗೆ ಇಟ್ಟವನು. ಅವಳ ಅಮ್ಮ ದಿನಾ ಹೋಗಿ ಆ ಗೋಡೆಗೆ ಕಿವಿ ಇಟ್ಟು ನಿಲ್ಲುತ್ತಿದ್ದಳು. ಊರವರು ಗೋಡೆಯಮ್ಮ ಎಂದರು. ಶಾಲೆಯಲ್ಲಿ ಗೋಡೆಯಮ್ಮನ ಮಗಳು ಎನ್ನಿಸಿಕೊಳ್ಳಲಾರದೆ ಗುಬ್ಬಿ ಶಾಲೆಯನ್ನೇ ಬಿಟ್ಟಳು.

ಕೆಲಸ ಬಿಡುವ ಹೊತ್ತಿಗೆ ನಲ್ಲಿಯ ಹತ್ತಿರ, ಕೊರೆಯುವ ಯಂತ್ರ ನಡೆಸುವ ಡ್ರಿಲ್ಲರ್ ಮುಖ ತೊಳೆಯುತ್ತಿದ್ದ. ಹೊರಗಿನಿಂದ ಬಂದವನು, ಊರಿನ ಕಥೆ ತಿಳಿಯದವನು.

"ಅಣ್ಣಾ, ಆ ಪೊಳ್ಳಿಗೆ ಮುಟ್ಟೋಕೆ ಎಷ್ಟು ದಿನ ಹಿಡೀತು?" ಕೇಳಿದಳು ಗುಬ್ಬಿ.

"ಒಂದು ವಾರಾನೂ ಇಲ್ಲಮ್ಮ. ಬೆಣ್ಣೆ ಇದ್ದಂಗಿದೆ ಬೆಟ್ಟ."

"ಒಳಗೆ ಏನಿದೆ ಅಂತ ನೋಡೋಕಾಗುತ್ತಾ?"

"ಯಾಕಾಗಲ್ಲ? ಸಾಹೇಬ್ರ ಜೀಪಲ್ಲೇ ಕ್ಯಾಮೆರಾ ಇದೆ. ದೀಪಾನೂ ಅದರಲ್ಲೇ. ಬಿರುಕು ನೋಡೋಕೆ ದಾರದಲ್ಲಿ ಇಳಿಬಿಡ್ತೀವಿ." ಅವನು ಮುಖ ಒರೆಸಿಕೊಂಡ. "ಯಾಕಮ್ಮ, ಚಿನ್ನ ಬಚ್ಚಿಟ್ಟಿದ್ದೀರಾ?"

ಗುಬ್ಬಿ ಬಕೆಟ್ಟು ಎತ್ತಿಕೊಂಡು ಹೊರಟಳು.

ಅಮ್ಮ ಕಂಪನಿಯ ಅತಿಥಿಗೃಹದಲ್ಲಿ ಹಾಸಿಗೆಬಟ್ಟೆ ಒಗೆದು ಆಗತಾನೇ ಬಂದಿದ್ದಳು. ಗುಬ್ಬಿ ಬಚ್ಚಿಟ್ಟು ತಂದ ಉಣ್ಣೆಯ ಎಳೆಯನ್ನು ಅವಳ ಅಂಗೈಯಲ್ಲಿಟ್ಟು ಎಲ್ಲ ಹೇಳಿದಳು. ಅಮ್ಮ ಎಳೆಯನ್ನು ಬೆರಳುಗಳ ನಡುವೆ ಹೊಸೆದು ನೋಡಿದಳು. ಕಿಟಕಿಯ ಬೆಳಕಿಗೆ ಹಿಡಿದಳು.

"ನಿಮ್ಮಪ್ಪನದೇ ಅಂತ ಹೇಳಲಾರೆ ಕಣೇ. ಆ ಚಳೀಲಿ ಐದು ಜನಾನೂ ಉಣ್ಣೇದೇ ಹಾಕ್ತಿದ್ರು. ಯಾರದೋ ಒಬ್ಬರದು." ಆಮೇಲೆ ಕೇಳಿದಳು, "ಮಿಕ್ಕಿದ್ದು?"

"ತೊಳೆದುಬಿಟ್ಟೆ ಅಮ್ಮ. ಕೆಸರು ಅಂದ್ಕೊಂಡೆ."

ಬೈಯುತ್ತಾಳೆ ಎಂದು ಗುಬ್ಬಿ ಕಾದಳು. ಅಮ್ಮ ಬೈಯಲಿಲ್ಲ.

"ಮೆಲ್ಲಗೆ ತೊಳೆದೆಯೇನೇ?"

ಗುಬ್ಬಿ ಹೂಂ ಎಂದಳು. ಬ್ರಷ್ಷಿನ ಒರಟು ಹಲ್ಲು ಇನ್ನೂ ಅಂಗೈಗೆ ಚುಚ್ಚುತ್ತಿರುವ ಹಾಗಿತ್ತು.

ಅಮ್ಮ ಸೆರಗು ಸರಿಮಾಡಿಕೊಂಡು ಪಕ್ಕದ ಮನೆಗೆ ಹೋದಳು. ಅಲ್ಲಿಯ ದೊಡ್ಡಮ್ಮನ ಗಂಡನೂ ಐವರಲ್ಲಿ ಒಬ್ಬ. "ಅಕ್ಕಾ, ನಾಳೆ ಬೆಳಗ್ಗೆ ಸಿಮೆಂಟು ಹುಯ್ತಾರಂತೆ. ಒಟ್ಟಿಗೆ ಹೋಗಿ ಕೇಳೋಣ. ಒಳಗೆ ಒಂದ್ಸಲ ನೋಡಿ ಅಂತ. ಸಿಕ್ಕಷ್ಟನ್ನ ಮಣ್ಣು ಮಾಡೋಣ."

ದೊಡ್ಡಮ್ಮ ಬಾಗಿಲು ಪೂರ್ತಿ ತೆರೆಯಲಿಲ್ಲ. "ನನ್ನ ಮಗ ಈಗಿನ್ನೂ ಸಾಹೇಬ್ರ ಜೀಪು ಓಡಿಸೋ ಕೆಲಸ ಹಿಡಿದಿದ್ದಾನೆ ಕಣೇ. ನಮ್ಮ ಹೊಟ್ಟೆ ಮೇಲೆ ಹೊಡೀಬೇಡ."

"ನಿನ್ನ ಗಂಡ ಅಕ್ಕಾ."

"ಗೊತ್ತು ಹೋಗೇ! ನನ್ನ ಗಂಡ ಯಾರು ಅಂತ ನೀನು ಹೇಳ್ಕೊಡ್ಬೇಕಾ?" ಬಾಗಿಲು ಮುಚ್ಚಿತು. ಒಳಗಿನಿಂದ ಮತ್ತೆ ಅವಳ ದನಿ. "ನಾನು ಅಳೋದನ್ನ ನೀನು ನೋಡಬಾರದು ಅಂತ ಮುಚ್ಚಿದ್ದು. ತಪ್ಪು ತಿಳ್ಕೋಬೇಡ."

ಬೆಳಗ್ಗೆ ತಾಯಿ ಮಗಳಿಬ್ಬರೇ ಬೆಟ್ಟ ಹತ್ತಿದರು. ಯಂತ್ರವನ್ನು ಪಕ್ಕಕ್ಕೆ ಸರಿಸಿದ್ದರು. ಕೊರೆದ ತೂತಿನಿಂದ ಒಂದು ಕಬ್ಬಿಣದ ಕೊಳವೆ ಮೊಣಕಾಲೆತ್ತರಕ್ಕೆ ಎದ್ದು ನಿಂತಿತ್ತು. ಅದರ ಪಕ್ಕ ಸಿಮೆಂಟಿನ ಚೀಲಗಳು, ಡ್ರಮ್ಮು, ಪಂಪು. ಅಮ್ಮ ಯಾರನ್ನೂ ಕೇಳದೆ ಕೊಳವೆಯ ಹತ್ತಿರ ಕುಕ್ಕರಿಸಿ ಅದರ ಬಾಯಿಗೆ ಕಿವಿ ಕೊಟ್ಟಳು.

"ಏಯ್! ಯಾರು ಬಿಟ್ಟಿದ್ದು ಇವಳನ್ನ?" ಮೇಸ್ತ್ರಿ ಓಡಿ ಬಂದ.

"ಸಾಹೇಬ್ರೇ," ಅಮ್ಮ ತಲೆ ಎತ್ತಿ ಕಲ್ಲುಸಾಹೇಬನನ್ನೇ ಕರೆದಳು. "ಆವತ್ತು ಅಲ್ಲಿಗೆ ಮುಟ್ಟೋ ಯಂತ್ರ ಇಲ್ಲ ಅಂದ್ರಲ್ಲ."

"ಅದು ಹಳೇ ಕಂಪನಿ ಅಮ್ಮಾ. ನಾವಲ್ಲ."

"ಬೆಟ್ಟ ಅದೇ ಅಲ್ವಾ?"

ಸಾಹೇಬ ಮೆತ್ತಗೆ ನಕ್ಕ. "ನಿಮ್ಮ ಸಂಕಟ ನಂಗೆ ಅರ್ಥವಾಗುತ್ತೆ. ಆದ್ರೆ ನೋಡಿ, ಒಳಗೆ ಏನಾದ್ರೂ ಕಂಡ್ರೆ ಪೊಲೀಸು, ಕೋರ್ಟು. ವರ್ಷಗಟ್ಟಲೆ ಕೆಲಸ ನಿಲ್ಲುತ್ತೆ. ಇಡೀ ಊರಿನ ಕೆಲಸ, ನಿಮ್ಮ ಮಗಳ ಕೆಲಸ. ಕಾಣದೇ ಇದ್ರೆ ಎಲ್ಲರಿಗೂ ಒಳ್ಳೇದು."

"ಹಂಗಾದ್ರೆ ಅವರು ಇದ್ದಾರೆ ಅಂತ ನಿಮಗೆ ಗೊತ್ತು."

ಸಾಹೇಬ ಮೇಸ್ತ್ರಿಯ ಕಡೆ ನೋಡಿದ.

"ಏಳೇ ಮುಂಡೆ! ಬೆಳಬೆಳಗ್ಗೆ ನಿನ್ನ ಗೋಳು!"

"ಮುಂಡೆ ಅನ್ಬೇಡ. ಹೆಣ ನೋಡದೆ ನಾನು ಹೆಂಗೋ ಮುಂಡೆ ಆಗ್ತೀನಿ?" ಅಮ್ಮ ಎರಡೂ ಕೈಯಲ್ಲಿ ಕೊಳವೆ ತಬ್ಬಿದಳು. "ಆವತ್ತು ಇಟ್ಟಿಗೆ ಇಡೋವಾಗ ನಿನ್ನ ಕೈ ನಡುಗ್ತಿತ್ತು. ನಾನು ಪಕ್ಕದಲ್ಲೇ ನಿಂತು ನೋಡಿದೀನಿ. ಇವತ್ತು ನಡುಗಲ್ವೇನೋ ಸೂಳೇಮಗನೇ?"

ಮೇಸ್ತ್ರಿ ಕೈ ಎತ್ತಿದವನು ಹೊಡೆಯಲಿಲ್ಲ. ಕಂಕುಳಿಗೆ ಕೈ ಹಾಕಿ ದರದರ ಎಳೆದ. ಅಮ್ಮನ ಒಂದು ಚಪ್ಪಲಿ ಕೊಳವೆಯ ಬುಡದಲ್ಲೇ ಉಳಿಯಿತು. ಅವಳನ್ನು ಕಲ್ಲುಗುಡ್ಡೆಯ ಮೇಲೆ ಕೂರಿಸಿ, "ಕೂತ್ಕೋ ಮಾರಾಯ್ತಿ, ನಿನ್ನ ಕಾಲಿಗೆ ಬೀಳ್ತೀನಿ, ಕೂತ್ಕೋ" ಎಂದು ಅವಳಿಗಷ್ಟೇ ಕೇಳುವ ಹಾಗೆ ಅಂದ. ವಾಪಸು ಬಂದು ಪಂಪಿನ ಹಗ್ಗ ಎಳೆದ. ಹತ್ತಲಿಲ್ಲ. ಮತ್ತೆ ಎಳೆದ. ಇಂಜಿನ್ನು ಕೆಮ್ಮಿ ಹೊಗೆ ಕಾರಿ ಹತ್ತಿಕೊಂಡಿತು. ಡ್ರಮ್ಮಿನಲ್ಲಿ ಬೂದು ಗಂಜಿ ತಿರುಗತೊಡಗಿತು.

ಅಷ್ಟು ಹೊತ್ತೂ ಗುಬ್ಬಿ ನಿಂತಲ್ಲೇ ನಿಂತಿದ್ದಳು. ಈಗ ನಡೆದು ಬಂದು ಕೊಳವೆಯ ಬಾಯಿಯ ಮೇಲೆ ಎರಡೂ ಅಂಗೈ ಒತ್ತಿ ಹಿಡಿದಳು. ಒಳಗಿನಿಂದ ತಣ್ಣನೆಯ ಗಾಳಿ ಬಂದು ಕೈಗೆ ತಾಗಿತು.

ಪಂಪಿನ ಪೈಪು ಹಿಡಿದಿದ್ದ ಡ್ರಿಲ್ಲರ್ ಹಿಂದೆ ಸರಿದ. ಜೀಪಿನಲ್ಲಿದ್ದ ದೊಡ್ಡಮ್ಮನ ಮಗ ಸ್ಟೀರಿಂಗಿನ ಮೇಲೆ ತಲೆ ಬಗ್ಗಿಸಿದ. ಮೇಸ್ತ್ರಿ ಸಾಹೇಬನನ್ನು ನೋಡಿದ. ಸಾಹೇಬ ಬೆಟ್ಟದ ಆಚೆ ಎಲ್ಲೋ ನೋಡುತ್ತಿದ್ದ.

"ಸಾರ್, ಹುಯ್ಯೋಕೆ ಮುಂಚೆ ಜೀಪಲ್ಲಿರೋ ಆ ದೀಪದ ಕ್ಯಾಮೆರಾ ಒಂದ್ಸಲ ಒಳಗೆ ಬಿಡಿ," ಅಂದಳು ಗುಬ್ಬಿ. "ನಮ್ಮಮ್ಮ ನೋಡ್ಲಿ."

ಇಂಜಿನ್ನು ಓಡುತ್ತಲೇ ಇತ್ತು. ಕೇಳಿಸಲಿಲ್ಲವೇನೋ ಎಂದು ಅವಳು ದನಿ ಏರಿಸಿದಳು.

"ಸಾರ್, ಒಂದೇ ಸಲ."