ತೆಂಗಿನ ಹಾಲು ಹೊಯ್ದ ಕೈ

ಕುಂಜತ್ತೂರಿನ ಪಿಯುಸ್ ವೀಲುನಾಮೆ ರಿಜಿಸ್ಟರ್ ಮಾಡಿಸಿದ ದಿನದಿಂದ ಮನೆಯ ಮೀನು ಸಾರಿನ ಹುಳಿ ಕೂಡ ಅವನ ಹದ್ದುಬಸ್ತಿಗೆ ಬಂತು. ತಾನು ಸತ್ತ ಮೇಲೆ ಮನೆ, ಹಿತ್ತಿಲು ಎಲ್ಲ ತಂಗಿ ಕಾರ್ಮಿನ್‌ಗೆ. ಕಿರಿಯ ತಮ್ಮ ಜೆರೋಮ್‌ಗೆ ಚಿಕ್ಕಾಸೂ ಇಲ್ಲ ಎಂದು ಬರೆಸಿದ್ದ. ಕಾರ್ಮಿನ್ ಗಂಡ ಸತ್ತು ತವರಿಗೆ ಬಂದವಳು. ಆ ಮನೆ ಬಿಟ್ಟರೆ ಅವಳಿಗೆ ಗತಿಯಿಲ್ಲವೆಂಬುದು ಪಿಯುಸನಿಗೆ ಚೆನ್ನಾಗಿ ಗೊತ್ತಿತ್ತು.

"ಹುಳಿ ಜಾಸ್ತಿ ಆಯ್ತು ಕಾರ್ಮಿನ್. ವೀಲುನಾಮೆ ಬದಲಿಸುವುದಾ ಎಂತ?"

ಮರುದಿನ ಅವಳು ಹುಳಿ ಕಡಿಮೆ ಹಾಕುವಳು. ಆಗ ಸಪ್ಪೆ ಎನ್ನುವನು. ಅಬ್ಬಬ್ಬಾ, ತನ್ನ ಸಾವಿನಿಂದ ಬದುಕಿರುವಾಗಲೇ ಇಷ್ಟು ಲಾಭ ಮಾಡಿಕೊಂಡ ಗಂಡಸು ಆ ಊರಿನಲ್ಲಿ ಇನ್ನೊಬ್ಬನಿರಲಿಲ್ಲ!

ಕೊನೆಗೆ ಕಾರ್ಮಿನ್ ಒಂದು ಉಪಾಯ ಹೂಡಿದಳು. ಮನೆಯಂತೂ ತನಗೇ ಬರೆದಾಗಿದೆ. ಈ ಮುದಿ ಬ್ರಹ್ಮಚಾರಿಗೆ ಒಂದು ಹೆಂಡತಿ ಬಂದರೆ ಬೈಗುಳವಾದರೂ ಹಂಚಿಹೋದೀತು. ತಾನೇ ಓಡಾಡಿ ಮಗ್ದಲಿನ್ ಎಂಬ ನಡುವಯಸ್ಸಿನವಳನ್ನು ಹುಡುಕಿದಳು. ಇಗರ್ಜಿಯಲ್ಲಿ ಪಾದ್ರಿಗಳು ಭಾನುವಾರ ಭಾನುವಾರ, "ಈ ಮದುವೆಗೆ ಅಡ್ಡಿ ಗೊತ್ತಿದ್ದವರು ತಿಳಿಸಿ" ಎಂದು ಓದುವಾಗ ಮುಂದಿನ ಬೆಂಚಿನಲ್ಲಿ ಖುಷಿಯಿಂದ ಕೂತಿದ್ದಳು. ಮದುವೆಯ ಹಿಂದಿನ ದಿನ ರೋಸಿನ ಶಾಸ್ತ್ರದಲ್ಲಿ ಮದುಮಗನ ತಲೆಗೆ ಮೊದಲು ತೆಂಗಿನ ಹಾಲು ಹೊಯ್ದವಳೂ ಅವಳೇ.

ಮದುವೆ ಮುಗಿದ ಮೇಲೆ ಒಮ್ಮೆ, "ಅಣ್ಣ, ಆ ವೀಲುನಾಮೆ ವಕೀಲರಿಗೊಮ್ಮೆ ತೋರಿಸುವ" ಎಂದಳು.

"ಎಂತಕ್ಕೆ? ಸರಕಾರದ ಸೀಲು ಉಂಟು ಮಾರಾಯ್ತಿ! ಇನ್ನು ಬಿಷಪರು ಬಂದರೂ ಅದು ಅಲ್ಲಾಡುದಿಲ್ಲ."

ವರ್ಷ ತಿರುಗುವುದರೊಳಗೆ, ಬಂಗುಡೆ ಸಾರು ಸಪ್ಪೆ ಎಂದು ಬೈದು ಮಧ್ಯಾಹ್ನ ಮಲಗಿದ ಪಿಯುಸ್ ಮತ್ತೆ ಏಳಲಿಲ್ಲ. ಇಗರ್ಜಿಯಲ್ಲಿ ಅವನ ತಿಂಗಳ ಪೂಜೆ ಮುಗಿಸಿ ಕಾರ್ಮಿನ್ ಕಾಸರಗೋಡಿನ ವಕೀಲ ಮಹಾಬಲರ ಮುಂದೆ ಕಾಗದವಿಟ್ಟಳು. ಅವರು ತಾರೀಕು ನೋಡಿದರು.

"ಇದಾದ ಮೇಲೆ ಅವರಿಗೆ ಮದುವೆ ಆಯ್ತಾ?"

"ಹೌದು. ನಾನೇ ಮಾಡಿಸಿದ್ದು."

"ಅಯ್ಯೋ ಬಾಯಮ್ಮ! ನಮ್ಮ ಹಿಂದೂಗಳಲ್ಲಿ ಹಾಗಿಲ್ಲ. ನಿಮ್ಮ ಕ್ರೈಸ್ತರ ಕಾನೂನಿನಲ್ಲಿ ಮದುವೆಯಾದ ಕೂಡಲೇ ಹಳೆಯ ವೀಲುನಾಮೆ ರದ್ದು. ಈಗ ಅರ್ಧ ಹೆಂಡತಿಗೆ. ಉಳಿದದ್ದು ನಿಮಗೂ ಜೆರೋಮ್‌ಗೂ ಸಮಪಾಲು."

"ಮದುವೆಯ ಮರುದಿನ ಇನ್ನೊಂದು ಬರೆಸಿದ್ದರೆ?"

"ಸಾಕಿತ್ತು."

ಕಾರ್ಮಿನ್ ತನ್ನ ಬಲಗೈಯನ್ನೇ ನೋಡಿಕೊಂಡಳು. ತೆಂಗಿನ ಹಾಲಿನ ಜೊತೆ ಮನೆಯನ್ನೂ ತೊಳೆದು ಹಾಕಿದ್ದು ಇದೇ ಕೈ. ಅಣ್ಣನ ಗರ್ವಕ್ಕೆ ಬೆಂಕಿ ಬೀಳಲಿ ಎಂದು ಬಸ್ಸಿನುದ್ದಕ್ಕೂ ಶಪಿಸಿದಳು.

ಮನೆಗೆ ಬಂದರೆ, ಪಿಯುಸ್ ಹೊಸ್ತಿಲು ಮೆಟ್ಟಲು ಬಿಡದಿದ್ದ ಜೆರೋಮ್ ಪಾಲಿನ ಸುದ್ದಿ ಆಗಲೇ ಮೂಸಿದವನಂತೆ ಪಿಯುಸನದೇ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ.

"ಅಕ್ಕ, ಊಟಕ್ಕೆ ಎಂತ ಉಂಟು? ನನಗೆ ಸಾರಿಗೆ ಹುಳಿ ಕಡಿಮೆ ಆಗ್ಬೇಕು."

ಕಾರ್ಮಿನ್ ಅಡುಗೆಮನೆಗೆ ಹೋಗಿ, ಮಗ್ದಲಿನ್ ಬಾಯಿಬಿಟ್ಟು ನೋಡುತ್ತಿದ್ದಂತೆ, ಭರಣಿಯಲ್ಲಿದ್ದ ಹುಳಿಯನ್ನೆಲ್ಲ ಕಿವುಚಿ ಸಾರಿಗೆ ಸುರಿದಳು. ಬಟ್ಟಲನ್ನು ತಮ್ಮನ ಮುಂದೆ ಕುಕ್ಕಿದಳು.

"ತಿನ್ನು. ಬದಲಿಸ್ಲಿಕ್ಕೆ ನಿನ್ನ ಹತ್ರ ಎಂತ ವೀಲುನಾಮೆ ಉಂಟು?"